ಬಲಮೂಲೆ

ಸೀನಬೇಡ, ನಗಬೇಡ, ಬ್ಲೇಡಿನ ಮುಂದೆ
ಉಸಿರನ್ನೂ ಅಳೆದು ಬಿಡು ಅಂತ
ಪೆಡ್ಣೇಕರ್ ಮಾಮ ಮೊದಲ ದಿನವೇ ಹೇಳಿದ್ದರು.
ಪರೇಲಿನ ನಾಲ್ಕನೇ ಮಾಳಿಗೆ, ಜುಲೈ,
ಕಿಟಕಿಯಾಚೆ ಹೊಗೆ ಮರೆತ ಗಿರಣಿಯ ಚಿಮಣಿ.
ಐಸಿನ ಮೇಲಿಟ್ಟು ತಣಿಸಿದ ಮೇಣದ ಬಿಲ್ಲೆ,
ಬಿಲ್ಲೆಯ ನಡುವೆ ಕಡಲೆಬೇಳೆಯಷ್ಟು
ಯಾರದೋ ಎದೆ.

ನಾಲ್ಕು ಮೈಕ್ರಾನ್.
ಈರುಳ್ಳಿಯ ಒಳಸಿಪ್ಪೆ ಇದರ ಮುಂದೆ ಕಂಬಳಿ.
ಪಟ್ಟಿಯಾಗಿ ಇಳಿದು ಬಂದದ್ದನ್ನು ಕುಂಚದ ತುದಿಯಲ್ಲೆತ್ತಿ
ಉಗುರುಬೆಚ್ಚನೆ ನೀರಿಗೆ ಬಿಟ್ಟರೆ
ಸುಕ್ಕು ತಾನಾಗಿ ಬಿಡುತ್ತದೆ,
ಗಾಜು ಅಡಿಯಿಂದ ಬಂದು ಹೊತ್ತುಕೊಳ್ಳುತ್ತದೆ.

ಆಮೇಲೆ ಕುಕ್ಕರು.
ಹೌದು, ಕುಕ್ಕರೇ,
ದಾದರಿನ ಪಾತ್ರೆ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದದ್ದು.
ಫಾರ್ಮಲಿನ್ ಹಾಕಿದ ಗಂಟು ಸುಲಭಕ್ಕೆ ಬಿಚ್ಚುವುದಿಲ್ಲ.
ಹದಿನೈದು ವರ್ಷ ಮೇಣದಲ್ಲಿ ಮುಖ ಮುಚ್ಚಿ ಕೂತ ಪ್ರೋಟೀನು
ಹುಳಿನೀರಲ್ಲಿ ಕುದಿದ ಮೇಲಷ್ಟೇ
ಬಾಯಿ ಬಿಡುವುದು.

ಬಣ್ಣ ಬರುತ್ತದೆ. ಕಂದು.
ಅಪ್ಪ ಕರಿರೋಡ್ ಸೇತುವೆಯ ಕೆಳಗಿನ ಹೋಟೆಲಿನಲ್ಲಿ
ಇಪ್ಪತ್ತೆಂಟು ವರ್ಷ ಕಾವಲಿಯ ಮುಂದೆ ನಿಂತವರು,
ದೋಸೆಯ ಬೆನ್ನು ನೋಡಿ ಹೇಳುತ್ತಿದ್ದರು
ಇದು ಬಿಳಿಚು, ಇದು ಹದ, ಇದು ಕೆಂಪು.
ಇಲ್ಲಿ ಸೊನ್ನೆ, ಒಂದು, ಎರಡು, ಮೂರು.
ಅಂಕ ಹಾಕುವವರು ಡಾಕ್ಟರು,
ಆದರೆ ಅಪ್ಪನ ಮಗಳ ಕಣ್ಣು ಸುಮ್ಮನಿರುತ್ತದೆಯೇ?
ಮೂರಾದರೆ ಔಷಧವುಂಟು.
ಎರಡೆಂದರೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ,
ಇನ್ನೊಂದು ಪರೀಕ್ಷೆ, ಇನ್ನಷ್ಟು ದುಡ್ಡು,
ಇನ್ನು ಹತ್ತು ದಿನ ಫುಟ್‌ಪಾತಿನ ಮೇಲೆ ಚಾಪೆ.

ಇಷ್ಟೆಲ್ಲ ಹೇಳಿದ್ದು ಅವಳ ಸುದ್ದಿಗೆ ಬರಲಿಕ್ಕೆ.

ಪ್ರತಿ ಗಾಜಿನ ಬಲಮೂಲೆಯಲ್ಲಿ
ಬೇರೊಬ್ಬರ ಒಂದು ತುಂಡು ಕೂರಿಸುತ್ತೇವೆ,
ಖಾತ್ರಿಯಾಗಿ ಮೂರು ಬರುವಂಥದ್ದು.
ಒಂಬತ್ತು ವರ್ಷದಿಂದ ಅದು ೪೧೧೭.
ಶಿವಡಿ ಕೋಳಿವಾಡದ ಹೆಂಗಸು, ಐವತ್ತೊಂದು, ಎಡ ಎದೆ.
ಹೆಸರು ರಿಜಿಸ್ಟರಿನಲ್ಲಿದೆ. ನನಗೆ ಗೊತ್ತು. ಹೇಳಬಾರದು.
ಮಸೂರದಡಿ ಅವಳ ಜೀವಕೋಶಗಳ ಅಂಚು
ಒಣಗಲು ಹರಡಿದ ಬಲೆಯ ಕಣ್ಣುಗಳ ಹಾಗೆ,
ಒಂದೂ ಹರಿದಿಲ್ಲ.
ಅವಳಿಗೆ ಬಣ್ಣ ಹತ್ತದ ದಿನ
ಇಡೀ ಟ್ರೇ ಕಸದ ಬುಟ್ಟಿಗೆ.
ಸೊನ್ನೆಗೆ ಬೆಲೆ ಪಕ್ಕದಲ್ಲಿ ಅಂಕಿ ನಿಂತಾಗ ಅನ್ನುತ್ತಾರಲ್ಲ,
ಸಾಂಗ್ಲಿಯವಳ ಸೊನ್ನೆ, ಗೋರಖಪುರದವಳ ಸೊನ್ನೆ,
ಪಕ್ಕದಲ್ಲಿ ಇವಳ ಮೂರು ಇದ್ದುದರಿಂದ
ನಂಬಬಹುದಾದ ಸೊನ್ನೆ.

ಅವಳದೇ ಪುಟದಲ್ಲಿ ಯಾರೋ ಮಡಚಿಟ್ಟ ಚೀಟಿ.
ಔಷಧದ ಹೆಸರು, ಪೆನ್ಸಿಲಿನಲ್ಲಿ ಬೆಲೆ,
ಗುಣಾಕಾರ: ಹದಿನೇಳು ಸಲಕ್ಕೆ ಎಷ್ಟು.
ಉತ್ತರ ಬರೆದಿಲ್ಲ.

ವಾರದಿಂದ ತುಂಡು ಸಣ್ಣಗಾಗುತ್ತಿತ್ತು.
ಇವತ್ತು ಬ್ಲೇಡು ಎಳೆದಾಗ ಬಂದದ್ದು ಬರೀ ಬಿಳಿ.
ಇನ್ನೊಮ್ಮೆ. ಬಿಳಿ.
ಪೆಣ್‌ನಲ್ಲಿರುವ ಪೆಡ್ಣೇಕರ್ ಮಾಮನಿಗೆ ಫೋನು ಮಾಡಿದೆ,
ನಂಬರು ಹೇಳಿದೆ, ಅಷ್ಟೇ.
"ಸಂಪ್ಲೀ?" ಅಂದರು.
ಅವರ ಭಾಷೆಯಲ್ಲಿ ಬ್ಲಾಕು ಗಂಡು.
ಅವರು ಕೇಳಿದ್ದು ಅವಳನ್ನು.

ಮಧ್ಯಾಹ್ನದ ಹೊತ್ತಿಗೆ ಹೊಸದಕ್ಕೆ ಸಹಿ ಬಿತ್ತು, ೬೦೩೨,
ಬಣ್ಣ ಚೆನ್ನಾಗಿ ಹತ್ತುತ್ತದೆ, ದೂರುವಂತಿಲ್ಲ.
ಹಳೆಯ ಪುಸ್ತಕದಲ್ಲಿ ನಾನೇ ಬರೆದೆ: ಅಂಗಾಂಶ ಬರಿದಾಗಿದೆ.
ಬರಿ ಮೇಣವನ್ನೂ ಎಸೆಯುವಂತಿಲ್ಲ, ನಿಯಮ,
ಅದನ್ನು ಅದರ ಡ್ರಾಯರಿಗೆ,
೪೧೧೬ ಮತ್ತು ೪೧೧೮ರ ನಡುವೆ.

ಶುಕ್ರವಾರ ಕೊಯ್ದ ಗಾಜುಗಳಲ್ಲಿ ಒಂದಕ್ಕೆ
ಬಣ್ಣ ಹಾಕಿಲ್ಲ, ಕುಕ್ಕರಿಗೂ ಇಟ್ಟಿಲ್ಲ.
ಬೆಳಕಿಗೆ ಹಿಡಿದರೆ ಮೂಲೆಯಲ್ಲಿ ಉಸಿರು ತಾಕಿದಷ್ಟು ಮಬ್ಬು.
ಎಣಿಕೆ ಕೇಳಿದರೆ
ಒಂದು ಒಡೆಯಿತು ಅನ್ನುತ್ತೇನೆ.